ಬೋಧನಾಭ್ಯಾಸದ ಅವಧಿಯಲ್ಲಿ ನಾನು ಶಿಕ್ಷಕಿಯಾಗಿ ಬೆಳೆಯುತ್ತಿದ್ದೇನೆಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಪ್ರಶಿಕ್ಷಣಾರ್ಥಿ, ಮಡಿಕೇರಿ ತಾಲ್ಲೂಕು

ಎಲ್ಲ ಹಿರಿಯ ಶಿಕ್ಷಕರಿಗೂ ನಮಸ್ಕಾರ.

ನಾನು ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಕರಾಗಲು ಇರುವ ಡಿಪ್ಲೊಮಾ) ಎರಡನೆಯ ವರ್ಷದ ವಿದ್ಯಾರ್ಥಿನಿ. ಕಾಫಿ ತೋಟಗಳ ನಡುವೆ ಇರುವ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಬೋಧನಾಭ್ಯಾಸಕ್ಕಾಗಿ ನಿಯೋಜಿತಳಾಗಿದ್ದೇನೆ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೊಠಡಿಯಲ್ಲಿ, ಗುಂಪುಗಳಲ್ಲಿ ಕಾರ್ಡುಗಳ ಮೂಲಕ ತಮ್ಮದೇ ವೇಗದಲ್ಲಿ ಕಲಿಯುವ ನಲಿಕಲಿ ಪದ್ಧತಿಯಲ್ಲಿ ಕಲಿಯುತ್ತಾರೆ. ನಾಲ್ಕು ಮತ್ತು ಐದನೆಯ ತರಗತಿಯವರು ಪಕ್ಕದ ಕೊಠಡಿಯಲ್ಲಿದ್ದಾರೆ. ಬೆಳಿಗ್ಗೆ ನಲಿಕಲಿ ಕೊಠಡಿಯಲ್ಲಿಯೂ ಮಧ್ಯಾಹ್ನದ ಊಟದ ನಂತರ ನಾಲ್ಕನೆಯ ತರಗತಿಯ ಗಣಿತಕ್ಕೂ ನಾನು ಇರುತ್ತೇನೆ. ಮಕ್ಕಳ ಮನೆಮಾತು ಒಂದಲ್ಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಹಾಗೂ ಎರವ ಭಾಷೆಯನ್ನಾಡುವ ಮಕ್ಕಳ ಜೊತೆಗೆ, ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದು ಲೈನ್ ಮನೆಗಳಲ್ಲಿ ನೆಲೆಸಿರುವ ಕುಟುಂಬಗಳ ಮಕ್ಕಳೂ ಇದ್ದಾರೆ.

ನನ್ನ ಮಾರ್ಗದರ್ಶಿ ಶಿಕ್ಷಕಿಯವರು ಬಹಳ ಸಹನೆಯುಳ್ಳವರು. ಪಾಠ ವೀಕ್ಷಣೆಯ ನಮೂನೆಯಲ್ಲಿ ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆಯ ಬಳಕೆ, ಬೋಧನೋಪಕರಣ, ಸಮಯಪಾಲನೆ ಎಂದು ಪ್ರತ್ಯೇಕ ಅಂಕಗಳಿವೆ. ಅವುಗಳಲ್ಲಿ ನನಗೆ ಉತ್ತಮ ಅಂಕಗಳೇ ಬರುತ್ತಿವೆ. ಪಾಠ ಟಿಪ್ಪಣಿಯನ್ನು ತಪ್ಪದೆ ಬರೆಯುತ್ತೇನೆ. ಮಿಂಚುಪಟ್ಟಿಗಳನ್ನೂ ಚಿತ್ರಗಳನ್ನೂ ನಾನೇ ತಯಾರಿಸುತ್ತೇನೆ. ಆದರೂ ಮೊದಲ ವಾರದಲ್ಲಿದ್ದ ನನಗೂ ಈಗಿನ ನನಗೂ ನಿಜವಾಗಿ ಏನು ವ್ಯತ್ಯಾಸವಾಗಿದೆ ಎಂದು ಯಾರಾದರೂ ಕೇಳಿದರೆ, ಧೈರ್ಯ ಹೆಚ್ಚಾಗಿದೆ ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಹೊಳೆಯುವುದಿಲ್ಲ. ಧೈರ್ಯವೊಂದೇ ಬೆಳವಣಿಗೆಯಾಗಲಾರದು ಎಂಬುದು ನನ್ನ ಭಾವನೆ.

ಆದ್ದರಿಂದ ನನ್ನ ಪ್ರಶ್ನೆ ಇಷ್ಟೇ. ಪ್ರಾಥಮಿಕ ಶಾಲೆಯಲ್ಲಿ ಅಭ್ಯಾಸ ಮಾಡುತ್ತಿರುವ ಒಬ್ಬ ಪ್ರಶಿಕ್ಷಣಾರ್ಥಿ ಬೆಳೆಯುತ್ತಿದ್ದಾಳೆ ಎಂಬುದನ್ನು ನೀವು ಯಾವುದರಿಂದ ಗುರುತಿಸುತ್ತೀರಿ? ಅದನ್ನು ನಾನೇ ಗುರುತಿಸಿಕೊಳ್ಳುವ ದಾರಿ ಇದೆಯೇ? ಉಳಿದಿರುವ ವಾರಗಳಲ್ಲಿ ನನ್ನ ಗಮನವನ್ನು ಯಾವುದರ ಮೇಲೆ ಇಡಬೇಕು? ನಲಿಕಲಿ ಕೊಠಡಿಯಲ್ಲಿ ಮಾತೇ ಆಡದೆ ಕುಳಿತಿರುವ ಕೆಲವು ಮಕ್ಕಳಿದ್ದಾರೆ. ಅವರ ವಿಷಯದಲ್ಲಿಯೂ ಸಲಹೆ ಸಿಕ್ಕರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಮುಖ್ಯ ಶಿಕ್ಷಕಿ, ವಿರಾಜಪೇಟೆ

ತಂಗಿ, ನಿಮ್ಮ ಪ್ರಶ್ನೆಯನ್ನು ಓದಿ ಸಂತೋಷವಾಯಿತು. ನನ್ನ ಶಾಲೆಗೆ ಅನೇಕ ವರ್ಷಗಳ ಕಾಲ ಪ್ರಶಿಕ್ಷಣಾರ್ಥಿಗಳು ಬಂದು ಹೋಗಿದ್ದಾರೆ. ಅವರ ಪಾಠಗಳನ್ನು ನೋಡುವಾಗ ನಾನು ಕಪ್ಪುಹಲಗೆಯ ಕಡೆಗಿಂತ ಹೆಚ್ಚಾಗಿ ಗಮನಿಸುತ್ತಿದ್ದುದು ಅವರ ಕಣ್ಣು ಎಲ್ಲಿದೆ ಎಂಬುದನ್ನು. ಪ್ರಾರಂಭದಲ್ಲಿ ಎಲ್ಲರ ಕಣ್ಣೂ ಪಾಠ ಟಿಪ್ಪಣಿಯ ಮೇಲೆ, ಗಡಿಯಾರದ ಮೇಲೆ, ಹಿಂದಿನ ಬೆಂಚಿನಲ್ಲಿ ಕುಳಿತ ವೀಕ್ಷಕರ ಮೇಲೆ ಇರುತ್ತದೆ. ಅದು ಸಹಜ. ಕೆಲವರ ಕಣ್ಣು ಕ್ರಮೇಣ ಮಗುವಿನ ಸ್ಲೇಟಿನ ಕಡೆಗೆ ಹೊರಳುತ್ತದೆ, ಕೆಲವರದು ಕೊನೆಯ ದಿನದವರೆಗೂ ಹೊರಳುವುದಿಲ್ಲ. ನನ್ನ ಮಟ್ಟಿಗೆ ಬೆಳವಣಿಗೆ ಎಂದರೆ ಆ ಹೊರಳುವಿಕೆ.

ನೀವು ನಾಲ್ಕನೆಯ ತರಗತಿಯ ಗಣಿತ ತೆಗೆದುಕೊಳ್ಳುವುದರಿಂದ ಒಂದು ಉದಾಹರಣೆ ಕೊಡುತ್ತೇನೆ. 42ರಲ್ಲಿ 17ನ್ನು ಕಳೆಯುವ ಲೆಕ್ಕಕ್ಕೆ ಒಂದು ಮಗು 35 ಎಂದು ಬರೆದಿದೆ ಎಂದುಕೊಳ್ಳಿ. ಮೊದಲ ವಾರಗಳಲ್ಲಿ ಪ್ರಶಿಕ್ಷಣಾರ್ಥಿಯು ಆ ಉತ್ತರಕ್ಕೆ ತಪ್ಪು ಗುರುತು ಹಾಕಿ, ದಶಕ ತೆಗೆದುಕೊಳ್ಳುವ ಕ್ರಮವನ್ನು ಕಪ್ಪುಹಲಗೆಯ ಮೇಲೆ ಇನ್ನೊಮ್ಮೆ, ಇನ್ನೂ ಸ್ವಲ್ಪ ಗಟ್ಟಿಯಾದ ದನಿಯಲ್ಲಿ ವಿವರಿಸುತ್ತಾಳೆ. ಮಗು ತಲೆಯಾಡಿಸುತ್ತದೆ. ಮರುದಿನ 53ರಲ್ಲಿ 28ನ್ನು ಕಳೆದು ಅದೇ ಮಗು ಮತ್ತೆ 35 ಎಂದು ಬರೆಯುತ್ತದೆ. ಆಗ ಯಾರು ಮಗುವಿನ ಪಕ್ಕದಲ್ಲಿ ಕುಳಿತು "ಇದು ಹೇಗೆ ಬಂತು, ಹೇಳು" ಎಂದು ನಿಜವಾದ ಕುತೂಹಲದಿಂದ ಕೇಳುತ್ತಾಳೋ, ಅವಳಿಗೆ ಉತ್ತರ ಸಿಗುತ್ತದೆ. ಬಿಡಿಗಳ ಸ್ಥಾನದಲ್ಲಿ 3ರಿಂದ 8 ಹೋಗುವುದಿಲ್ಲವಾದ್ದರಿಂದ ಮಗು 8ರಿಂದ 3ನ್ನು ಕಳೆದಿದೆ. ದಶಕದ ಸ್ಥಾನದಲ್ಲಿ 5ರಿಂದ 2ನ್ನು ಕಳೆದಿದೆ. ದೊಡ್ಡದರಿಂದಲೇ ಚಿಕ್ಕದನ್ನು ಕಳೆಯಬೇಕೆಂದು ಯಾರೋ ಕಲಿಸಿದ ನಿಯಮವನ್ನು ಆ ಮಗು ಶ್ರದ್ಧೆಯಿಂದ ಪಾಲಿಸಿದೆ, ಅಷ್ಟೇ. ಅದಕ್ಕೆ ಕಳೆಯುವುದು ಬರುತ್ತದೆ. ಬಾರದಿರುವುದು 53 ಎಂಬ ಸಂಖ್ಯೆಯನ್ನು ಐದು ಹತ್ತುಗಳು ಮತ್ತು ಮೂರು ಬಿಡಿಗಳಾಗಿ ನೋಡುವುದು. ಇಷ್ಟು ತಿಳಿದ ಮೇಲೆ ಮರುದಿನದ ಪಾಠ ತಾನಾಗಿಯೇ ಬದಲಾಗುತ್ತದೆ. ಕಪ್ಪುಹಲಗೆಯನ್ನು ಬಿಟ್ಟು ಕಡ್ಡಿಗಳ ಕಟ್ಟುಗಳು ಮಗುವಿನ ಕೈಗೆ ಬರುತ್ತವೆ, ಒಂದು ಕಟ್ಟನ್ನು ಬಿಚ್ಚಿದರೆ ಹದಿಮೂರು ಬಿಡಿಗಳಾಗುವುದನ್ನು ಮಗು ತಾನೇ ಎಣಿಸಿ ನೋಡುತ್ತದೆ. ಬರವಣಿಗೆಯ ಕ್ರಮ ಆಮೇಲೆ ಬಂದರೆ ಸಾಕು.

ಗಮನಿಸಿ, ವೀಕ್ಷಣೆಯ ನಮೂನೆಯಲ್ಲಿ ಈ ಎರಡು ಪಾಠಗಳಿಗೂ ಒಂದೇ ಅಂಕ ಬರಬಹುದು. ಆದರೆ ಎರಡನೆಯ ಪಾಠವನ್ನು ಯೋಜಿಸಿದವಳು ಹಿಂದಿನ ದಿನದ ಮಗುವಿನ ಯೋಚನೆಯನ್ನು ಓದಿ ಯೋಜಿಸಿದ್ದಾಳೆ. ನಾನು ಮುಖ್ಯ ಶಿಕ್ಷಕಿಯಾಗಿ ಪಾಠ ಟಿಪ್ಪಣಿಗೆ ಸಹಿ ಹಾಕುವಾಗ, ನಿನ್ನೆ ಮಕ್ಕಳು ಮಾಡಿದ್ದರ ಕುರುಹು ಇಂದಿನ ಟಿಪ್ಪಣಿಯಲ್ಲಿ ಎಲ್ಲಿಯಾದರೂ ಇದೆಯೇ ಎಂದು ಹುಡುಕುತ್ತಿದ್ದೆ. ನೀವೂ ನಿಮ್ಮ ಟಿಪ್ಪಣಿ ಪುಸ್ತಕವನ್ನು ತೆಗೆದು ಹಾಗೆಯೇ ಹುಡುಕಿ ನೋಡಿ.

ಇನ್ನೊಂದು ಮಾತು ನಮ್ಮ ಕೊಡಗಿಗೇ ಸಂಬಂಧಿಸಿದ್ದು. ಜುಲೈ, ಆಗಸ್ಟ್ ತಿಂಗಳ ಮಳೆಗೆ ಶೀಟಿನ ಮಾಡಿನ ಕೆಳಗೆ ನಿಂತು ಪಾಠ ಮಾಡಿದವರಿಗೆ ಗೊತ್ತು, ಮೂರನೆಯ ಸಾಲಿನ ಮಗುವಿಗೆ ನಮ್ಮ ಧ್ವನಿ ಕೇಳಿಸುವುದಿಲ್ಲ. ವಿದ್ಯುತ್ತೂ ಇರುವುದಿಲ್ಲ. ತನ್ನ ಮಾತನ್ನೇ ನಂಬಿದ ಶಿಕ್ಷಕಿಗೆ ಆ ದಿನಗಳು ಬಹಳ ಕಷ್ಟದವು. ಆದರೆ ಪ್ರಶಿಕ್ಷಣಾರ್ಥಿಗಳು ಅತ್ಯಂತ ಬೇಗ ಕಲಿತದ್ದನ್ನು ನಾನು ಕಂಡಿರುವುದು ಆ ದಿನಗಳಲ್ಲಿಯೇ, ಏಕೆಂದರೆ ಆಗ ಕೆಲಸವನ್ನು ಮಕ್ಕಳ ಕೈಗೆ ಕೊಡದೆ ಬೇರೆ ಉಪಾಯವಿಲ್ಲ. ಇಬ್ಬಿಬ್ಬರಾಗಿ ಓದುವುದು, ಕಡ್ಡಿ ಜೋಡಿಸುವುದು, ಚಿತ್ರಕ್ಕೆ ವಾಕ್ಯ ಬರೆಯುವುದು ಮುಂತಾದವು ನಡೆಯುತ್ತಿರುವಾಗ ಶಿಕ್ಷಕಿ ಸದ್ದಿಲ್ಲದೆ ಓಡಾಡಿ ನೋಡಲೇಬೇಕಾಗುತ್ತದೆ. 2018ರ ಭೂಕುಸಿತದ ನಂತರ ಜೋರು ಮಳೆಯ ದಿನ ಪೋಷಕರು ಮಕ್ಕಳನ್ನು ಬೇಗ ಕರೆದುಕೊಂಡು ಹೋಗಲು ಬಂದು ನಿಲ್ಲುತ್ತಿದ್ದ ಶಾಲೆಗಳೂ ಇವೆ. ಅಂಥ ದಿನ ಮಕ್ಕಳ ಮನಸ್ಸು ಪಾಠದಲ್ಲಿ ಇರುವುದಿಲ್ಲವೆಂಬುದನ್ನು ತಿಳಿದು ಯೋಜನೆಯನ್ನು ಹಗುರಗೊಳಿಸುವುದೂ ಶಿಕ್ಷಕಿಯ ಪಕ್ವತೆಯೇ.

ಉತ್ತರ 2: ನಲಿಕಲಿ ಶಿಕ್ಷಕ, ಪೊನ್ನಂಪೇಟೆ ತಾಲ್ಲೂಕು

ಮೇಡಂ ಅವರು ಹೇಳಿದ್ದನ್ನು ಗೌರವದಿಂದ ಒಪ್ಪುತ್ತೇನೆ. ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮಗುವಿನ ಸ್ಲೇಟನ್ನು ನೋಡಲು ಶಿಕ್ಷಕರಿಗೆ ಬಿಡುವು ಬೇಕು, ಬಿಡುವು ಸಿಗಬೇಕಾದರೆ ಕೊಠಡಿಯ ವ್ಯವಸ್ಥೆ ಗಟ್ಟಿಯಾಗಿರಬೇಕು. ಮೂರು ತರಗತಿಗಳ ಮಕ್ಕಳು ಒಟ್ಟಿಗೆ ಕುಳಿತಿರುವ ಕೊಠಡಿಯಲ್ಲಿ ವ್ಯವಸ್ಥೆಯಿಲ್ಲದ ಶಿಕ್ಷಕನು ಎಷ್ಟೇ ಪ್ರೀತಿಯುಳ್ಳವನಾದರೂ ಅವನ ದಿನವೆಲ್ಲ "ಸಾರ್, ಮುಂದೇನು ಮಾಡಲಿ" ಎಂಬ ಪ್ರಶ್ನೆಗೆ ಉತ್ತರಿಸುವುದರಲ್ಲಿಯೇ ಕಳೆದುಹೋಗುತ್ತದೆ. ಆದ್ದರಿಂದ ನಿಮ್ಮ ಧೈರ್ಯ ಹೆಚ್ಚಾಗಿದೆ ಎಂಬುದನ್ನು ಸಣ್ಣದೆಂದು ತಳ್ಳಿಹಾಕಬೇಡಿ. ಅದು ಮೊದಲ ಮೆಟ್ಟಿಲು.

ನಲಿಕಲಿಯು 1995ರಲ್ಲಿ ನಮ್ಮ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಪ್ರಾರಂಭವಾಯಿತು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ತಾವೇ ಕಾರ್ಡುಗಳನ್ನು ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. ಈ ಹಿನ್ನೆಲೆಯನ್ನು ಹೇಳಲು ಕಾರಣವಿದೆ. ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಕಾ ಏಣಿಯನ್ನು (ಕಲಿಕೆಯ ಮೆಟ್ಟಿಲುಗಳ ಕ್ರಮವನ್ನು) ಹತ್ತಬೇಕು, ಶಿಕ್ಷಕರ ಪೂರ್ಣ ಬೆಂಬಲ ಬೇಕಾದ ಗುಂಪಿನಿಂದ ಸ್ವಕಲಿಕೆಯ ಗುಂಪಿಗೆ ಚಲಿಸುತ್ತಿರಬೇಕು ಎಂಬುದು ಅದರ ಜೀವಾಳ. ಅನೇಕ ಪ್ರಶಿಕ್ಷಣಾರ್ಥಿಗಳು ಈ ಚಲನೆಯನ್ನು ಮರೆತು, ನಲಿಕಲಿ ಕೊಠಡಿಯಲ್ಲಿಯೂ ಎಲ್ಲ ಮಕ್ಕಳಿಗೂ ಒಂದೇ ಪಾಠ ಮಾಡಲು ತೊಡಗುತ್ತಾರೆ. ವೀಕ್ಷಕರು ಬಂದ ದಿನ ಅದು ಚೆಂದವಾಗಿಯೇ ಕಾಣುತ್ತದೆ, ಆದರೆ ಆ ದಿನ ಏಣಿಯ ಮೇಲೆ ಯಾವ ಮಗುವೂ ಮುಂದೆ ಹೋಗಿರುವುದಿಲ್ಲ.

ಹಾಗಾದರೆ ನಿಮ್ಮ ಬೆಳವಣಿಗೆಯನ್ನು ಎಲ್ಲಿ ನೋಡಬೇಕು? ಪ್ರತಿ ಮಗು ಏಣಿಯಲ್ಲಿ ಎಲ್ಲಿದೆ ಎಂದು ತೋರಿಸುವ, ಗೋಡೆಯ ಮೇಲಿರುವ ಪ್ರಗತಿ ನೋಟದ ಪಟ್ಟಿಯಲ್ಲಿ ನೋಡಿ. ನೀವು ಬಂದ ದಿನ ಶಿಕ್ಷಕರ ಬೆಂಬಲದ ಗುಂಪಿನಲ್ಲಿದ್ದ ಮಕ್ಕಳಲ್ಲಿ ಯಾರು ಈಗ ಗೆಳೆಯರ ನೆರವಿನಿಂದ ಕೆಲಸ ಮಾಡುತ್ತಿದ್ದಾರೆ, ಯಾರು ಇನ್ನೂ ಅದೇ ಗುಂಪಿನ ಗುರುತಿನ ತಟ್ಟೆಯ ಕೆಳಗೆ ಕುಳಿತಿದ್ದಾರೆ? ಹಾಗೆ ಉಳಿದ ಮಗು ಯಾವ ಕಾರ್ಡಿನಲ್ಲಿ ನಿಂತಿದೆ? ಓದು ಕಲಿಯುವ ಪ್ರಾರಂಭದಲ್ಲಿ ರ, ಗ, ಸ, ದ, ಅ ಎಂಬ ಅಕ್ಷರಗಳ ಗುಂಪು ಬರುತ್ತದಲ್ಲವೇ, ಅದನ್ನು ಮಗು ಗುರುತಿಸುತ್ತದೆ ಆದರೆ 'ಸರ', 'ಗರಗಸ' ಎಂದು ಕೂಡಿಸಿ ಓದುವುದಿಲ್ಲ ಎಂದಾದರೆ ಮುಂದಿನ ಅಕ್ಷರಗಳ ಗುಂಪಿಗೆ ಒಯ್ದು ಪ್ರಯೋಜನವಿಲ್ಲ. ಅದೇ ಐದು ಅಕ್ಷರಗಳಿಂದ ಇನ್ನಷ್ಟು ಪದಗಳ ಆಟವನ್ನು ನೀವೇ ಕಟ್ಟಬೇಕು. ಕಾರ್ಡಿನಲ್ಲಿ ಇಲ್ಲದಿರುವ ಚಟುವಟಿಕೆಯನ್ನು ಒಂದು ನಿರ್ದಿಷ್ಟ ಮಗುವಿಗಾಗಿ ರೂಪಿಸಿದ ದಿನವನ್ನು ಗುರುತು ಹಾಕಿ ಇಟ್ಟುಕೊಳ್ಳಿ. ನಲಿಕಲಿಯನ್ನು ಮೊದಲು ಕಟ್ಟಿದ ಶಿಕ್ಷಕರು ಮಾಡಿದ್ದೂ ಅದನ್ನೇ.

ಮಾತನಾಡದ ಮಕ್ಕಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಶಾಲೆಗೆ ಹಾಡಿಯ (ಬುಡಕಟ್ಟು ಜನರ ವಸತಿಯ) ಮಕ್ಕಳೂ ಲೈನ್ ಮನೆಯ ಮಕ್ಕಳೂ ಬರುತ್ತಾರೆ. ಮಾತನಾಡದಿರುವುದೆಲ್ಲ ಒಂದೇ ಬಗೆಯದಲ್ಲ. ಮೊದಲು ಮಗುವು ಆಟದ ಮೈದಾನದಲ್ಲಿ, ಊಟದ ಸಾಲಿನಲ್ಲಿ, ಅಣ್ಣ ಅಥವಾ ಅಕ್ಕನ ಜೊತೆಯಲ್ಲಿ ಮಾತನಾಡುತ್ತದೆಯೇ ಎಂದು ನೋಡಿ. ಅಲ್ಲಿ ಮಾತನಾಡುವ ಮಗುವಿಗೆ ಮಾತಿನ ಕೊರತೆಯಿಲ್ಲ, ಕೊಠಡಿಯ ಭಾಷೆಯಲ್ಲಿ ಮಾತಾಡಲು ಅದಕ್ಕಿನ್ನೂ ಸಾಧ್ಯವಾಗಿಲ್ಲ. ಹೊಸ ಭಾಷೆಯೊಳಗೆ ಬಂದ ಮಕ್ಕಳು ಬಹಳ ಕಾಲ ಕೇಳಿಸಿಕೊಳ್ಳುತ್ತ ಇರುತ್ತಾರೆ; ಆ ಅವಧಿಯಲ್ಲಿ ಕಲಿಕೆ ನಡೆಯುತ್ತಲೇ ಇರುತ್ತದೆ. "ಹಸಿರು ಎಲೆಯನ್ನು ತಾ", "ಬಾಗಿಲ ಹತ್ತಿರ ನಿಲ್ಲು" ಎಂಬಂಥ ಸೂಚನೆಗಳಿಗೆ ಮಗು ಸರಿಯಾಗಿ ಸ್ಪಂದಿಸಿದರೆ ಅದನ್ನು ಕಲಿಕೆಯೆಂದೇ ದಾಖಲಿಸಿ. ಬಲವಂತವಾಗಿ ಎದ್ದು ನಿಲ್ಲಿಸಿ ಹೇಳಿಸಬೇಡಿ. ಅದೇ ಮನೆಮಾತಿನ, ಸ್ವಲ್ಪ ಕನ್ನಡ ಬಲ್ಲ ಇನ್ನೊಂದು ಮಗುವನ್ನು ಪಕ್ಕದಲ್ಲಿ ಕೂರಿಸಿ, ಚಿತ್ರ ನೋಡಿ ಅವರ ಮಾತಿನಲ್ಲಿಯೇ ಕಥೆ ಹೇಳಲು ಬಿಡಿ. ನಿಮಗೆ ಅರ್ಥವಾಗದಿದ್ದರೂ ಕುಳಿತು ಕೇಳಿ, ಒಂದೆರಡು ಪದಗಳನ್ನು ಅವರಿಂದ ಕಲಿಯಿರಿ. ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವು ಸಾಧ್ಯವಿರುವಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಬೋಧನೆ ನಡೆಯಬೇಕೆಂದೂ ಮಗುವು ಭಯದಿಂದ ಮುಕ್ತವಾಗಿರಬೇಕೆಂದೂ ಹೇಳುತ್ತದೆ. ಇಷ್ಟೊಂದು ಭಾಷೆಗಳಿರುವ ನಮ್ಮ ಕೊಠಡಿಗಳಲ್ಲಿ ಮೊದಲನೆಯದನ್ನು ಪೂರ್ತಿ ಪಾಲಿಸುವುದು ಕಷ್ಟ. ಎರಡನೆಯದಕ್ಕೆ ಅಂಥ ಯಾವ ಅಡ್ಡಿಯೂ ಇಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಕೃತಜ್ಞತೆಗಳು. ಮೇಡಂ ಹೇಳಿದಂತೆ ಟಿಪ್ಪಣಿ ಪುಸ್ತಕವನ್ನು ತೆಗೆದು ನೋಡಿದೆ. ಇತ್ತೀಚಿನ ಗಣಿತದ ಪಾಠಗಳಲ್ಲಿ ಹಿಂದಿನ ದಿನದ ಕೆಲಸದ ಉಲ್ಲೇಖ ಅಲ್ಲಲ್ಲಿ ಇದೆ, ಭಾಷೆಯ ಪಾಠಗಳಲ್ಲಿ ಕಾಣುವುದಿಲ್ಲ. ಮೌನವಾಗಿರುವ ಮಕ್ಕಳಲ್ಲಿ ಒಬ್ಬಳು ಊಟದ ಸಮಯದಲ್ಲಿ ತನ್ನ ತಮ್ಮನ ಜೊತೆ ಬಿಡುವಿಲ್ಲದೆ ಮಾತನಾಡುವುದನ್ನು ಗಮನಿಸಿದೆ. ಇನ್ನೊಬ್ಬ ಹುಡುಗ ಅಲ್ಲಿಯೂ ಮಾತನಾಡುವುದಿಲ್ಲ. ಅವನ ಬಗ್ಗೆ ಮಾರ್ಗದರ್ಶಿ ಶಿಕ್ಷಕಿಯವರ ಬಳಿ ಪ್ರಸ್ತಾಪಿಸಿದ್ದೇನೆ.

ನನಗೆ ಇನ್ನೊಂದು ಸಂದೇಹವಿದೆ. ನಾವು ಪ್ರತಿದಿನ ಬರೆಯಬೇಕಾದ ಪ್ರತಿಫಲನ ದಿನಚರಿಯಲ್ಲಿ "ಇಂದಿನ ಪಾಠವು ಯಶಸ್ವಿಯಾಯಿತು, ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು" ಎಂಬ ವಾಕ್ಯವೇ ಮತ್ತೆ ಮತ್ತೆ ಬರುತ್ತಿದೆ. ಹೆಚ್ಚಿನ ಸಹಪಾಠಿಗಳ ದಿನಚರಿಯೂ ಹೀಗೆಯೇ ಇದೆ. ಅದನ್ನು ಉಪಯುಕ್ತವಾಗಿ ಬರೆಯುವುದು ಹೇಗೆ?

ಉತ್ತರ 3: ಶಿಕ್ಷಕ ಶಿಕ್ಷಣದ ಉಪನ್ಯಾಸಕಿ, ಕುಶಾಲನಗರ

ದಿನಚರಿಯ ಪ್ರಶ್ನೆಗೆ ಉತ್ತರಿಸುವ ಮೊದಲು, ನಿಮ್ಮ ಮೂಲ ಪ್ರಶ್ನೆಯ ಬಗ್ಗೆ ಶಿಕ್ಷಕರ ಶಿಕ್ಷಣದಲ್ಲಿ ಬಹಳ ಹಿಂದೆಯೇ ನಡೆದ ಒಂದು ಅಧ್ಯಯನವನ್ನು ಹೇಳುವುದು ಸೂಕ್ತ. ಅಮೆರಿಕದ ಫ್ರಾನ್ಸಿಸ್ ಫುಲ್ಲರ್ ಎಂಬ ವಿದುಷಿ 1969ರಲ್ಲಿ, ಶಿಕ್ಷಕರಾಗುತ್ತಿರುವವರ ಚಿಂತೆಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಪ್ರಕಟಿಸಿದರು. ಮೊದಲಿಗೆ ಅವರ ಚಿಂತೆ ತಮ್ಮ ಬಗ್ಗೆಯೇ ಇರುತ್ತದೆ: ಮಕ್ಕಳು ನನ್ನ ಮಾತು ಕೇಳುವರೇ, ವೀಕ್ಷಕರು ಏನೆಂದುಕೊಳ್ಳುವರು ಎಂದು. ಮುಂದೆ ಮಕ್ಕಳು ಏನು ಕಲಿಯುತ್ತಿದ್ದಾರೆ ಎಂಬುದರ ಕಡೆಗೆ ಅದು ತಿರುಗುತ್ತದೆ. ಈ ಎರಡರ ನಡುವೆ ಪಾಠದ ಕೆಲಸ, ಸಮಯ ಮತ್ತು ಸಾಮಗ್ರಿಗಳ ಚಿಂತೆಯ ಒಂದು ಘಟ್ಟವನ್ನೂ ಮುಂದಿನ ಅಧ್ಯಯನಗಳು ಗುರುತಿಸಿದವು. ಈ ಘಟ್ಟಗಳು ಎಲ್ಲರಲ್ಲಿಯೂ ಒಂದೇ ಕ್ರಮದಲ್ಲಿ ಬರುವುದಿಲ್ಲವೆಂಬ ಆಕ್ಷೇಪವೂ ಇದೆ, ಅದು ಸರಿಯಾದ ಆಕ್ಷೇಪವೇ. ಆದರೂ ನಿವೃತ್ತ ಮೇಡಂ ಅವರು ತಮ್ಮ ಅನುಭವದಿಂದ ಕಣ್ಣಿನ ಹೊರಳುವಿಕೆ ಎಂದು ಕರೆದದ್ದು ಇದನ್ನೇ. ಧೈರ್ಯವೊಂದೇ ಬೆಳವಣಿಗೆಯಾಗಲಾರದು ಎಂದು ನೀವು ಕೇಳಿದ ಪ್ರಶ್ನೆಯೇ ನೀವು ಆ ದಾರಿಯಲ್ಲಿ ಸಾಗುತ್ತಿರುವುದಕ್ಕೆ ನನಗೆ ಸಾಕ್ಷಿಯಾಗಿ ಕಾಣುತ್ತದೆ.

ಈಗ ದಿನಚರಿ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು ಡಿ.ಎಲ್.ಇಡಿ.ಯ ಎರಡು ವರ್ಷಗಳಲ್ಲಿ ಒಟ್ಟು ಕನಿಷ್ಠ 20 ವಾರಗಳನ್ನು ಶಾಲೆಯಲ್ಲಿ ಕಳೆಯಬೇಕೆಂದು ವಿಧಿಸಿರುವುದು, ಪಾಠಗಳ ಸಂಖ್ಯೆಯನ್ನು ಪೂರೈಸುವುದಕ್ಕಾಗಿ ಮಾತ್ರವಲ್ಲ. ಮಾಡಿದ್ದನ್ನು ಹಿಂತಿರುಗಿ ನೋಡಿ ಬದಲಿಸಿ ಮತ್ತೆ ಮಾಡಲು ಅವಕಾಶವಿರಲಿ ಎಂದು. ಹಿಂತಿರುಗಿ ನೋಡಲು ದಿನಚರಿಯಲ್ಲಿ ಏನಾದರೂ ಇರಬೇಕಲ್ಲ. "ಉತ್ಸಾಹದಿಂದ ಭಾಗವಹಿಸಿದರು" ಎಂಬುದು ತೀರ್ಪು, ಅದರಲ್ಲಿ ನೋಡುವುದಕ್ಕೆ ಏನೂ ಇಲ್ಲ. ಅದರ ಬದಲು ಒಂದು ಮಗು ಹೇಳಿದ ಮಾತನ್ನು ಅದು ಹೇಳಿದಂತೆಯೇ, ಅಥವಾ ಬರೆದ ಉತ್ತರವನ್ನು ಬರೆದಂತೆಯೇ ದಾಖಲಿಸಿ. ಅದರ ಕೆಳಗೆ ಆ ಮಗು ಹೀಗೆ ಯೋಚಿಸಿರಬಹುದು ಎಂಬ ನಿಮ್ಮ ಊಹೆಯನ್ನು, ನಂತರ ಆ ಊಹೆಯನ್ನು ಪರೀಕ್ಷಿಸಲು ನಾಳೆ ಏನು ಮಾಡುತ್ತೀರಿ ಎಂಬುದನ್ನು ಬರೆಯಿರಿ. ಮರುದಿನ ಅದೇ ಪುಟಕ್ಕೆ ಬಂದು ಊಹೆ ಸರಿಯಾಗಿತ್ತೇ ಎಂದು ಸೇರಿಸಿ. ಅರ್ಧ ಪುಟ ಸಾಕು. ಊಹೆ ಸುಳ್ಳಾದ ಪುಟಗಳನ್ನು ಹರಿದು ಹಾಕಬೇಡಿ, ಮೌಲ್ಯಮಾಪನ ಮಾಡುವಾಗ ನಾನು ಅಂಥ ಪುಟಗಳನ್ನೇ ಹೆಚ್ಚು ಬೆಲೆಯುಳ್ಳವೆಂದು ಎಣಿಸುತ್ತೇನೆ. ಎಲ್ಲ ಪಾಠಗಳೂ ಯಶಸ್ವಿಯಾದ ದಿನಚರಿಯನ್ನು ಓದಿದಾಗ ಬರೆದವರು ಕೊಠಡಿಯಲ್ಲಿ ಇದ್ದರೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ.

ನಿಮ್ಮ ಮಾರ್ಗದರ್ಶಿ ಶಿಕ್ಷಕಿಯವರನ್ನು ಇನ್ನೂ ಚೆನ್ನಾಗಿ ಬಳಸಿಕೊಳ್ಳಿ. "ಪಾಠ ಹೇಗಿತ್ತು ಮೇಡಂ" ಎಂದು ಕೇಳಿದರೆ ಸಹನೆಯುಳ್ಳ ಯಾರೇ ಆದರೂ ಚೆನ್ನಾಗಿತ್ತು ಎಂದೇ ಹೇಳುತ್ತಾರೆ. ಅದರ ಬದಲು ಪಾಠಕ್ಕೆ ಮೊದಲೇ ಒಂದೇ ಒಂದು ಸಂಗತಿಯನ್ನು ಗಮನಿಸುವಂತೆ ಕೇಳಿಕೊಳ್ಳಿ. ಉದಾಹರಣೆಗೆ, ಪ್ರಶ್ನೆ ಕೇಳಿದ ಮೇಲೆ ನೀವು ಎಷ್ಟು ಹೊತ್ತು ಕಾಯುತ್ತೀರಿ ಎಂಬುದನ್ನು ಅವರು ಗಡಿಯಾರ ನೋಡಿ ಬರೆದುಕೊಳ್ಳಲಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಎಂಬವರು 1970ರ ದಶಕದಲ್ಲಿ ಧ್ವನಿಮುದ್ರಿಸಿದ ತರಗತಿಗಳನ್ನು ಪರಿಶೀಲಿಸಿದಾಗ, ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದುದು ಕಂಡುಬಂದಿತು; ಅದನ್ನು ಮೂರು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರಿಸದೆ ಉಳಿಯುವ ಮಕ್ಕಳ ಪ್ರಮಾಣ ತಗ್ಗಿತು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಇರುವ ಮಗು ಪ್ರಶ್ನೆಯನ್ನು ಅರ್ಥಮಾಡಿಕೊಂಡು, ಉತ್ತರವನ್ನು ಯೋಚಿಸಿ, ಕನ್ನಡಕ್ಕೆ ತರಬೇಕಾಗಿರುವುದರಿಂದ ಅದಕ್ಕೆ ಆ ಕಾಯುವಿಕೆ ಇನ್ನೂ ಅಗತ್ಯ. ಮೂರು ಸೆಕೆಂಡಿನ ಮೌನ ತರಗತಿಯ ಎದುರು ನಿಂತವರಿಗೆ ಬಹಳ ದೀರ್ಘವಾಗಿ ತೋರುತ್ತದೆ. ಅದನ್ನು ತಾಳಿಕೊಳ್ಳುವುದು ಅಭ್ಯಾಸದಿಂದ ಮಾತ್ರ ಬರುತ್ತದೆ. ಇದು ನಿಮ್ಮ ಉಳಿದ ವಾರಗಳಿಗೆ ಒಳ್ಳೆಯ ಗುರಿಯಾಗಬಹುದು.

ಭಾಷೆಯ ಪಾಠಗಳಲ್ಲಿ ಹಿಂದಿನ ದಿನದ ಕುರುಹು ಇಲ್ಲವೆಂದು ಬರೆದಿದ್ದೀರಿ. ಗಣಿತದಲ್ಲಿ ತಪ್ಪು ಕಣ್ಣಿಗೆ ಕಾಣುತ್ತದೆ, ಓದುವುದರಲ್ಲಿ ಕೇಳಿಸಿಕೊಂಡರೆ ಮಾತ್ರ ತಿಳಿಯುತ್ತದೆ. ಸಾಮೂಹಿಕವಾಗಿ ಓದಿಸಿದಾಗ ಯಾರ ತೊಡಕೂ ಕಿವಿಗೆ ಬೀಳುವುದಿಲ್ಲ. ದಿನಕ್ಕೆ ಕೆಲವೇ ಮಕ್ಕಳಿಂದ, ಪಕ್ಕದಲ್ಲಿ ಕೂರಿಸಿಕೊಂಡು, ನಾಲ್ಕು ವಾಕ್ಯ ಓದಿಸಿ. ಒತ್ತಕ್ಷರದ ಬಳಿ ನಿಲ್ಲುವ ಮಗುವಿಗೂ, ಸರಾಗವಾಗಿ ಓದಿ ಅರ್ಥ ಹೇಳಲಾಗದ ಮಗುವಿಗೂ ಬೇಕಾದ ಪಾಠ ಬೇರೆ ಬೇರೆ. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಕಾರ್ಯಕ್ರಮವು ಮೂರನೆಯ ತರಗತಿಯ ಅಂತ್ಯದೊಳಗೆ ಮಗು ಅರ್ಥಸಹಿತ ಓದಬೇಕೆಂದು ಗುರಿ ಇಟ್ಟಿರುವುದರಿಂದ, ಈ ದಾಖಲೆ ನಿಮ್ಮ ಶಾಲೆಗೂ ಉಪಯೋಗಕ್ಕೆ ಬರುತ್ತದೆ.

ಊಟದ ಸಮಯದಲ್ಲಿಯೂ ಮಾತನಾಡದ ಹುಡುಗನ ವಿಷಯವನ್ನು ಮಾರ್ಗದರ್ಶಿಯವರಿಗೆ ತಿಳಿಸಿದ್ದು ಸರಿಯಾಯಿತು. ಮನೆಯವರನ್ನು ಕೇಳಿ ನೋಡಬೇಕು. ಕಿವಿ ಕೇಳುವುದರ ತಪಾಸಣೆಯೂ ಆಗಬೇಕು. ಶಾಲಾ ಆರೋಗ್ಯ ತಪಾಸಣೆಗೆ ವೈದ್ಯರ ತಂಡ ಬರುವವರೆಗೆ ಕಾಯದೆ ಮುಖ್ಯ ಶಿಕ್ಷಕರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ಅವನು ಮಂದಬುದ್ಧಿಯವನೆಂಬ ಮಾತು ಯಾರ ಬಾಯಿಂದಲೂ ಬರದಂತೆ ಎಚ್ಚರವಹಿಸಿ.

ಉತ್ತರ 4: ಪ್ರಾಥಮಿಕ ಶಾಲಾ ಶಿಕ್ಷಕ, ಸೋಮವಾರಪೇಟೆ ತಾಲ್ಲೂಕು

ನಾನು ಸೇವೆಗೆ ಸೇರಿ ಹೆಚ್ಚು ಕಾಲವಾಗಿಲ್ಲ. ಹಿರಿಯರು ಹೇಳಿದ ಮೇಲೆ ಸೇರಿಸಬೇಕಾದದ್ದು ಒಂದೇ ಇದೆ. ಅದು ನಿಮ್ಮ ಅವಧಿ ಮುಗಿಯುವ ವೇಳೆಗೆ ಸಂಬಂಧಿಸಿದ್ದು.

ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಪ್ರಾರಂಭವಾಗಿ, ಜನವರಿಯಿಂದ ರೋಬಸ್ಟಾ ಕೊಯ್ಲಿನ ಕಾಲ ಬರುತ್ತದೆ. ಆ ತಿಂಗಳುಗಳಲ್ಲಿ ಕೆಲವು ಮಕ್ಕಳು ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಉಳಿಯುತ್ತಾರೆ, ಕೆಲವರು ಪೋಷಕರ ಜೊತೆ ಬೇರೆ ತೋಟಕ್ಕೆ, ಬೇರೆ ಶಾಲೆಗೆ ಹೋಗುತ್ತಾರೆ, ಹೊಸಬರು ಬಂದು ಸೇರುತ್ತಾರೆ. ಹಾಜರಿ ಪುಸ್ತಕದಲ್ಲಿ ಅದು ಗೈರುಹಾಜರಿಯೆಂದು ಮಾತ್ರ ಕಾಣುತ್ತದೆ. ಪ್ರಶಿಕ್ಷಣಾರ್ಥಿಯಾಗಿದ್ದಾಗ ನನ್ನ ಮಾರ್ಗದರ್ಶಿಯವರು ನನ್ನಿಂದ ಮಾಡಿಸಿದ ಒಂದು ಕೆಲಸವನ್ನು ನಾನು ಇಂದಿಗೂ ಮಾಡುತ್ತೇನೆ. ದೀರ್ಘ ಕಾಲ ಬಾರದಿದ್ದ ಮಗು ಮರಳಿ ಬಂದ ದಿನ, ಅದು ಬಿಟ್ಟುಹೋದ ಪಾಠವನ್ನು ಅವಸರದಲ್ಲಿ ತುಂಬುವ ಬದಲು, ಮೊದಲು ಅದು ಎಲ್ಲಿ ನಿಂತಿದೆ ಎಂದು ಓದಿಸಿ, ಎಣಿಸಿ ನೋಡುವುದು. ಎಷ್ಟೋ ಬಾರಿ ಮಗು ಅಂದುಕೊಂಡಷ್ಟು ಮರೆತಿರುವುದಿಲ್ಲ. ತೋಟದಲ್ಲಿ ಕಾಫಿ ತೂಗುವುದನ್ನು, ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವುದನ್ನು ನೋಡಿ ಬಂದ ನಾಲ್ಕನೆಯ ತರಗತಿಯ ಮಗುವಿಗೆ ತೂಕದ ಪಾಠದಲ್ಲಿ ಇತರರಿಗಿಂತ ಹೆಚ್ಚು ಗೊತ್ತಿರುವುದನ್ನು ಕಂಡಿದ್ದೇನೆ. ಆ ಅರಿವನ್ನು ತರಗತಿಯಲ್ಲಿ ಹೇಳಿಸಿದರೆ ಮಗುವಿಗೆ ಶಾಲೆಗೆ ಮರಳಿದ್ದು ಸಾರ್ಥಕವೆನಿಸುತ್ತದೆ.

ಹಾಗೆಯೇ, ನೀವು ಶಾಲೆಯನ್ನು ಬಿಡುವ ಮೊದಲು, ನಿಮ್ಮ ದಿನಚರಿಯಲ್ಲಿರುವ ಮಕ್ಕಳ ವಿಷಯಗಳನ್ನು ಅಲ್ಲಿಗೇ ಬಿಟ್ಟು ಬರಬೇಡಿ. ಆ ದಿನಚರಿ ಮೌಲ್ಯಮಾಪನಕ್ಕಾಗಿ ಕಾಲೇಜಿಗೆ ಹೋಗುತ್ತದೆ, ಮಕ್ಕಳು ಶಾಲೆಯಲ್ಲಿಯೇ ಉಳಿಯುತ್ತಾರೆ. ಪ್ರತಿ ಮಗುವಿಗೂ ನಾಲ್ಕೈದು ಸಾಲುಗಳಂತೆ, ಯಾವುದರಲ್ಲಿ ಮುಂದಿದೆ, ಎಲ್ಲಿ ತೊಡಕಿದೆ, ಯಾರ ಪಕ್ಕದಲ್ಲಿ ಕುಳಿತರೆ ಮಾತನಾಡುತ್ತದೆ, ಯಾವ ಚಟುವಟಿಕೆ ಫಲಿಸಿತು ಎಂದು ಬರೆದು ಮಾರ್ಗದರ್ಶಿ ಶಿಕ್ಷಕಿಯವರಿಗೆ ಒಪ್ಪಿಸಿ. ಮಗು ಬೇರೆ ಶಾಲೆಗೆ ವರ್ಗವಾದರೆ ಅದರ ಎಸ್.ಎ.ಟಿ.ಎಸ್. ಸಂಖ್ಯೆ (ಇಲಾಖೆಯ ಗಣಕ ದಾಖಲೆಯಲ್ಲಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಹೊಸ ಶಾಲೆಗೆ ಹೋಗುತ್ತದೆ. ಇಂಥ ಸಾಲುಗಳು ಯಾರಾದರೂ ಬರೆದು ಕಳುಹಿಸಿದರೆ ಮಾತ್ರ ಹೋಗುತ್ತವೆ. ಬರೆಯಲು ಕುಳಿತಾಗ ಯಾವ ಮಗುವಿನ ಹೆಸರಿನ ಮುಂದೆ ಏನನ್ನೂ ಬರೆಯಲು ತೋಚುವುದಿಲ್ಲವೋ, ಉಳಿದಿರುವ ವಾರಗಳಲ್ಲಿ ಆ ಮಗುವಿನ ಪಕ್ಕದಲ್ಲಿ ಮೊದಲು ಕುಳಿತುಕೊಳ್ಳಿ. ಅದಕ್ಕಾಗಿ ಈ ಪಟ್ಟಿಯನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳದೆ ಈ ವಾರವೇ ಪ್ರಾರಂಭಿಸುವುದು ಒಳ್ಳೆಯದು.